ಅಜ್ಜಿಯೂ ಪುಟ್ಟಿಯೂ ಒಟ್ಟಿಗೆ ಕೂತು ಆಡುವ ಆಟ ಯಾವುದು?

[ಕತ್ತಲೆ. ಹಂಚಿನ ಮೇಲೆ ಮಳೆ ಬೀಳುವ ಸದ್ದು. ಎಮರ್ಜೆನ್ಸಿ ಲೈಟ್ ಹೊತ್ತಿಕೊಳ್ಳುತ್ತದೆ. ಮೇಜಿನ ಮೇಲೆ ಇಸ್ಪೀಟ್ ಕಟ್ಟು, ಪಕ್ಕದಲ್ಲಿ ಹಲಸಿನ ಹಪ್ಪಳದ ತಟ್ಟೆ.]

ನಮಸ್ಕಾರ. ಉಡುಪಿಯ ನಮ್ಮ ಮನೆಯ ಚಾವಡಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಆಟಿಯ ಮಳೆ, ಆಟಿ ಅಂದರೆ ನಮ್ಮ ತುಳುನಾಡಿನ ಮಳೆಗಾಲದ ಒಂದು ತಿಂಗಳು. ಸಂಜೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ನಾಳೆ ಶಾಲೆಗೆ ರಜೆ ಉಂಟಾ ಇಲ್ಲವಾ ಅಂತ ಅಣ್ಣನ ಮಗಳು ಪುಟ್ಟಿ ಹತ್ತು ನಿಮಿಷಕ್ಕೊಮ್ಮೆ ಅವಳಮ್ಮನ ಫೋನ್ ಇಣುಕುತ್ತಿದ್ದಾಳೆ. ಡಿಸಿಯವರ ಆದೇಶ ಇನ್ನೂ ಬರಲಿಲ್ಲ.

ಮನೆಯಲ್ಲಿ ಏಳು ಜನ ಇದ್ದೇವೆ. ಎಲ್ಲರಿಗಿಂತ ಚಿಕ್ಕವಳು ಪುಟ್ಟಿ, ಆರು ವರ್ಷ. ಎಲ್ಲರಿಗಿಂತ ದೊಡ್ಡವರು ಅಜ್ಜಿ, ಎಪ್ಪತ್ತೆಂಟು. ಬೆಂಗಳೂರಿನಿಂದ ಬಂದ ಭಾವ ನಡುವೆ ಎಲ್ಲೋ ಬರುತ್ತಾರೆ, ವಯಸ್ಸಿನಲ್ಲಿ. ಸೋತಾಗ ಮಾಡುವ ಮುಖದಲ್ಲಿ ಅವರು ಪುಟ್ಟಿಗಿಂತ ಚಿಕ್ಕವರು.

[ಭಾವನ ಕಡೆ ಕ್ಯಾಮೆರಾ. ಅವರು ಹಪ್ಪಳ ಮುರಿಯುತ್ತಾ ಕೈ ಬೀಸುತ್ತಾರೆ.]

ಈ ಏಳು ಜನಕ್ಕೆ ಯಾವ ಆಟ? ಇಷ್ಟು ಮಳೆಗಾಲ ಆಡಿ ನೋಡಿದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ. ಈ ಆಟದಲ್ಲಿ ಒಬ್ಬರು ಎಷ್ಟು ಹೊತ್ತು ಸುಮ್ನೆ ಕೂರಬೇಕು? ಸುಮ್ನೆ ಕೂತವರು ಫೋನ್ ತೆಗೆಯುತ್ತಾರೆ. ಫೋನ್ ತೆಗೆದರೆ ಆಟ ಮುಗಿಯಿತು.

ಮೊದಲು ಲೂಡೋ. ನಮ್ಮ ಪಚ್ಚೀಸಿಯನ್ನೇ ಚಿಕ್ಕದು ಮಾಡಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ತೆಗೆದ ಆಟ ಅದು. ಘಟ್ಟದ ಮೇಲಿನವರ ಚೌಕಾಬಾರವೂ ಇದೇ ಬಳಗ. ಲೂಡೋದ ತೊಂದರೆ ಏನು ಗೊತ್ತಾ? ಆರು ಬೀಳದೆ ಕಾಯಿ ಹೊರಗೆ ಬರುವುದಿಲ್ಲ. ಹತ್ತು ಸಲ ದಾಳ ಹಾಕಿದರೂ ಒಂದೂ ಆರು ಬೀಳದೆ ಇರುವ ಸಾಧ್ಯತೆ ನೂರಕ್ಕೆ ಸುಮಾರು 16. ಅಂದರೆ ಅಂದಾಜು ಆರು ಜನರಲ್ಲಿ ಒಬ್ಬರು ಹತ್ತು ಸುತ್ತು ಬರೀ ದಾಳ ಉರುಳಿಸುತ್ತಾ ಕೂರುತ್ತಾರೆ. ನಮ್ಮ ಮನೆಯಲ್ಲಿ ಆ ಒಬ್ಬರು ಯಾವಾಗಲೂ ಪುಟ್ಟಿ. ಅತ್ತುಕೊಂಡು ಎದ್ದು ಹೋಗುತ್ತಾಳೆ. ಅದಕ್ಕೆ ಒಂದು ಸುಲಭದ ಮದ್ದು ಉಂಟು. ಶುರುವಿನಲ್ಲೇ ಎಲ್ಲರ ಒಂದೊಂದು ಕಾಯಿ ಹೊರಗೆ ಇಟ್ಟುಬಿಡಿ. ಅಳು ನಿಂತಿತು.

ಇನ್ನು ಮೊನಾಪಲಿ. ಅಥವಾ ನಮ್ಮಲ್ಲಿ ಸಿಗುವ ಅದರ ತಮ್ಮಂದಿರು, ಊರುಗಳನ್ನು ಕೊಂಡು ಬಾಡಿಗೆ ಕೀಳುವ ಆಟಗಳು. ಕಳೆದ ವರ್ಷ ಅಣ್ಣ ಅರ್ಧ ಗಂಟೆಯಲ್ಲೇ ದಿವಾಳಿಯಾಗಿ ಒಳಗೆ ಹೋಗಿ ಮಲಗಿದ. ಉಳಿದವರ ಆಟ ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಕೊನೆಗೆ ಗೆದ್ದದ್ದು ಭಾವ, ನೋಡಲಿಕ್ಕೆ ಯಾರೂ ಎಚ್ಚರ ಇರಲಿಲ್ಲ.

ಇದರ ಹಿಂದೆ ಒಂದು ಕಥೆ ಉಂಟು. ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಹೆಂಗಸು 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಅಂತ ಒಂದು ಆಟಕ್ಕೆ ಪೇಟೆಂಟ್ ಪಡೆದರು. ಜಾಗ ಇದ್ದವನು ಬಾಡಿಗೆ ತಿಂದು ಕೊಬ್ಬುತ್ತಾನೆ, ಉಳಿದವರು ಬರಿಗೈ ಆಗುತ್ತಾರೆ ಅಂತ ತೋರಿಸುವುದೇ ಅವರ ಉದ್ದೇಶ. ಅದರಿಂದ ಬೆಳೆದ ಆಟವನ್ನು ಪಾರ್ಕರ್ ಬ್ರದರ್ಸ್ ಕಂಪನಿ 1935ರಲ್ಲಿ ಮೊನಾಪಲಿ ಅಂತ ಮಾರಿತು. ಹಾಗಾಗಿ ಅಣ್ಣನಿಗೆ ಬೇಸರ ಬಂದದ್ದು ಆಟ ಕೆಟ್ಟದು ಅಂತ ಅಲ್ಲ. ಆಟ ಸರಿಯಾಗಿಯೇ ಕೆಲಸ ಮಾಡಿದೆ!

ಆಡಲೇಬೇಕು ಅಂತಿದ್ದರೆ ಒಂದು ಮಾತು. ಯಾರೋ ಒಂದು ಜಾಗಕ್ಕೆ ಬಂದು ಕೊಳ್ಳದೆ ಬಿಟ್ಟರೆ, ಮೊನಾಪಲಿಯ ನಿಯಮದ ಪ್ರಕಾರ ಆ ಜಾಗವನ್ನು ಆಗಲೇ ಹರಾಜು ಹಾಕಬೇಕು. ನಾವು ಯಾರೂ ಹಾಕುವುದಿಲ್ಲ, ಅಲ್ವಾ? ಅದರ ಮೇಲೆ, ಕಟ್ಟಿದ ದಂಡವನ್ನೆಲ್ಲ ನಡುವೆ ರಾಶಿ ಹಾಕಿ ‘ಫ್ರೀ ಪಾರ್ಕಿಂಗ್’ಗೆ ಬಂದವರಿಗೆ ಕೊಡುತ್ತೇವೆ. ಅದು ನಿಯಮದಲ್ಲೇ ಇಲ್ಲ. ಜಾಗ ಬೇಗ ಖಾಲಿಯಾಗುವುದಿಲ್ಲ, ದುಡ್ಡು ಸುಮ್ನೆ ಸುತ್ತುತ್ತಾ ಇರುತ್ತದೆ. ಹನ್ನೊಂದೂವರೆ ಆಗದೆ ಇನ್ನೇನಾಗುತ್ತದೆ?

[ಅಣ್ಣ ಕ್ಯಾಮೆರಾ ಹಿಂದಿನಿಂದ: “ನಾನು ಮಲಗಿದ್ದಲ್ಲ ಮಾರಾಯ್ತಿ, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ.”]

ಆಯ್ತಪ್ಪಾ.

ನಿಯಮದ ಜಗಳ ಅಂದ ಕೂಡಲೇ ನೆನಪಾಯಿತು, ಊನೋ. ಅಮೆರಿಕದ ಒಹಾಯೋದ ಮರ್ಲ್ ರಾಬಿನ್ಸ್ ಎಂಬ ಕ್ಷೌರಿಕ ಮಗನ ಜೊತೆ ಇಸ್ಪೀಟ್ ಆಟದ ನಿಯಮಕ್ಕೆ ಜಗಳ ಆಡಿ, ಆಮೇಲೆ 1971ರಲ್ಲಿ ಮಾಡಿದ ಆಟ ಅದು. ಹುಟ್ಟುವಾಗಲೇ ಜಗಳದಿಂದ ಹುಟ್ಟಿದ್ದು, ಇವತ್ತಿಗೂ ಬಿಟ್ಟಿಲ್ಲ. ‘ಪ್ಲಸ್ ಟೂ’ ಮೇಲೆ ಇನ್ನೊಂದು ‘ಪ್ಲಸ್ ಟೂ’ ಹಾಕಿ ಮುಂದಿನವರಿಗೆ ದಾಟಿಸಬಹುದಾ? ಕಂಪನಿ ಹೇಳುವುದು, ಹಾಕುವ ಹಾಗಿಲ್ಲ, ಎರಡು ಎಲೆ ಎತ್ತಿ ಸುಮ್ನಿರಿ. ನಮ್ಮ ಮನೆಯಲ್ಲಿ ಹಾಕಬಹುದು. ಅಜ್ಜಿ ಒಮ್ಮೆ ಭಾವನಿಗೆ ಒಟ್ಟಿಗೆ ಎಂಟು ಎಲೆ ಎತ್ತಿಸಿದರು. ಆ ಖುಷಿಯನ್ನು ಕಂಪನಿಯ ಮಾತು ಕೇಳಿ ಬಿಡಲಿಕ್ಕೆ ಆಗುತ್ತದಾ? ಯಾವ ನಿಯಮ ಆದರೂ ಸರಿ, ಎಲೆ ಹಂಚುವ ಮೊದಲೇ ಹೇಳಿಕೊಳ್ಳಿ. ಹಂಚಿದ ಮೇಲೆ ಎಲ್ಲರೂ ವಕೀಲರೇ.

ಕ್ಯಾರಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಟ ಒಳ್ಳೆಯದೇ, ಆದರೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಆಗದು. ಬೋರ್ಡ್ ತೇವ ಹಿಡಿದರೆ ಎಷ್ಟು ಪೌಡರ್ ಹಾಕಿದರೂ ಸ್ಟ್ರೈಕರ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಬೋರ್ಡಿನ ಮೇಲೆ ಒಂದು ಬಲ್ಬ್ ಇಳಿಬಿಟ್ಟಿರುತ್ತಾರಲ್ಲ, ಅದು ಬೆಳಕಿಗೆ ಮಾತ್ರ ಅಲ್ಲ. ಅದರ ಬಿಸಿಗೆ ಬೋರ್ಡ್ ಒಣಗಿರುತ್ತದೆ. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಇಸ್ಪೀಟ್ ಎಲೆಗಳದ್ದೂ ಅದೇ ಕಥೆ, ಕಾಗದದ್ದು ಒಂದಕ್ಕೊಂದು ಅಂಟುತ್ತದೆ. ಪೂರ್ತಿ ಪ್ಲಾಸ್ಟಿಕ್‌ನ ಕಟ್ಟು ತೆಗೆದುಕೊಳ್ಳಿ. ಹಪ್ಪಳದ ಎಣ್ಣೆ ಆದರೂ ಒರೆಸಬಹುದು.

[ಕಟ್ಟು ಬಿಚ್ಚುವ ಸದ್ದು. ಎಲೆ ಕಲಸುವ ಕೈ ಹತ್ತಿರದಿಂದ.]

ಈಗ ನನ್ನ ಇಷ್ಟದ ಆಟ, ಇಪ್ಪತ್ತೆಂಟು. ಕಾಸರಗೋಡು ಕಡೆಯಿಂದ ಕೇರಳದುದ್ದಕ್ಕೂ ಇದನ್ನು ಆಡುತ್ತಾರೆ, ನಮ್ಮ ಮನೆಗೂ ಅಲ್ಲಿಂದಲೇ ಬಂದದ್ದು. ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಏಳರಿಂದ ಮೇಲಿನ 32 ಎಲೆ ಮಾತ್ರ ಇಟ್ಟುಕೊಳ್ಳಿ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಕಳಾವರ್, ಆಟೀನು ಹೀಗೆ ಒಂದೊಂದು ಜಾತಿಗೆ ಏಳು. ನಾಲ್ಕು ಜಾತಿಗೆ 28. ಹೆಸರು ಬಂದದ್ದು ಅಲ್ಲಿಂದ.

ಮೊದಲು ನಾಲ್ಕು ನಾಲ್ಕು ಎಲೆ ಹಂಚಬೇಕು. ಅಷ್ಟನ್ನೇ ನೋಡಿ ‘ನಾವು ಇಷ್ಟು ಅಂಕ ಮಾಡುತ್ತೇವೆ’ ಅಂತ ಹದಿನಾಲ್ಕರಿಂದ ಮೇಲೆ ಕೂಗಬೇಕು. ಜಾಸ್ತಿ ಕೂಗಿದವರು ತುರುಪು, ಅಂದರೆ ಉಳಿದ ಜಾತಿಗಳನ್ನು ಹೊಡೆಯುವ ಜಾತಿ, ಆರಿಸಿ ಅದರ ಒಂದು ಎಲೆಯನ್ನು ಬೋರಲು ಇಡುತ್ತಾರೆ. ಅದು ಯಾವ ಜಾತಿ ಅಂತ ಬೇರೆ ಯಾರಿಗೂ ಗೊತ್ತಿಲ್ಲ. ಆಮೇಲೆ ಉಳಿದ ನಾಲ್ಕು ಎಲೆ. ಆಟದ ನಡುವೆ ಇಳಿದ ಜಾತಿ ಯಾರ ಕೈಯಲ್ಲಿ ಇಲ್ಲವೋ ಅವರು ‘ತುರುಪು ತೋರಿಸಿ’ ಅಂತ ಕೇಳಬಹುದು. ಅಲ್ಲಿಯವರೆಗೆ ಎಲ್ಲರ ಕಣ್ಣು ಆ ಬೋರಲು ಬಿದ್ದ ಎಲೆಯ ಮೇಲೆ.

ಹೊಸಬರು ಎಡವುವುದು ಒಂದೇ ಕಡೆ. ಇಲ್ಲಿ ದೊಡ್ಡವನು ರಾಜನೂ ಅಲ್ಲ, ಎಕ್ಕನೂ ಅಲ್ಲ. ಗುಲಾಮ. ಅವನ ಕೆಳಗೆ ಒಂಬತ್ತು, ಆಮೇಲೆ ಎಕ್ಕ, ಹತ್ತು, ಆಮೇಲೆ ಪಾಪ ರಾಜ. ಮೊನ್ನೆ ಭಾವ ಕಳಾವರ್ ಎಕ್ಕವನ್ನು ಮೇಜಿಗೆ ಬಡಿದು ಇಳಿಸಿದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ನಿಧಾನಕ್ಕೆ, ಅದರ ಮೇಲೆ ಕಳಾವರ್ ಗುಲಾಮನನ್ನು ಇಟ್ಟರು. ಬಡಿಯಲಿಲ್ಲ. ಇಟ್ಟರು. “ಎಲ್ಲ ಕಡೆ ಬೆಂಗಳೂರಿನ ಲೆಕ್ಕ ನಡೆಯುವುದಿಲ್ಲ” ಅಂದರು.

ಜೊತೆಯವರೊಡನೆ ಮಾತಾಡುವ ಹಾಗಿಲ್ಲ ಅನ್ನುವುದು ಈ ಆಟದ ಕಟ್ಟುನಿಟ್ಟು. ಅಜ್ಜಿಗೆ ಕಿವಿ ಮಂದ. ಬೇರೆ ಆಟಗಳಲ್ಲಿ ಅವರು ಹಿಂದೆ ಬೀಳುತ್ತಾರೆ, ಇದರಲ್ಲಿ ಎಲ್ಲರೂ ಅವರ ಹಾಗೆಯೇ ಕೂರಬೇಕು. ಇನ್ನು, ದುಡ್ಡಿಟ್ಟು ಆಡಿದರೆ ಅದು ಜೂಜು. ನಮ್ಮಲ್ಲಿ ಪಣ ಹುರಿದ ಗೇರುಬೀಜ. ಗೆದ್ದವರು ಲೆಕ್ಕ ಮಾಡುವ ಮೊದಲೇ ಅದು ಮುಗಿದಿರುತ್ತದೆ. ಆರು ಜನ ಇದ್ದರೆ ಎರಡು ಕಟ್ಟು ಸೇರಿಸಿ 48 ಎಲೆಯಲ್ಲಿ ‘ಐವತ್ತಾರು’ ಆಡಬಹುದು, ಮೂವರು ಮೂವರು ಜೊತೆ.

ಆದರೆ ಪುಟ್ಟಿ? ಅವಳಿಗೆ ತುರುಪು ತಲೆಗೆ ಹೋಗುವುದಿಲ್ಲ. ಅವಳಿಗೆ ಅಂತ ನಾವು ತಂದದ್ದು ಡಾಬಲ್. 2009ರಲ್ಲಿ ಫ್ರಾನ್ಸಿನಲ್ಲಿ ಬಂದದ್ದು, ಕೆಲವು ಕಡೆ ‘ಸ್ಪಾಟ್ ಇಟ್’ ಅಂತ ಹೆಸರು. 55 ದುಂಡಗಿನ ಎಲೆ, ಒಂದೊಂದರಲ್ಲಿ ಎಂಟು ಚಿತ್ರ. ಯಾವ ಎರಡು ಎಲೆ ತೆಗೆದರೂ ಅವೆರಡರಲ್ಲಿ ಸರಿಯಾಗಿ ಒಂದೇ ಒಂದು ಚಿತ್ರ ಸಮಾನ. ಮೊದಲು ಕಂಡವರು ಕೂಗಬೇಕು. ಯಾರ ಸರದಿಯೂ ಇಲ್ಲ, ಕಾಯುವುದೂ ಇಲ್ಲ.

ಅದು ಹೇಗೆ ಸಾಧ್ಯ? ಚಿಕ್ಕದು ಮಾಡಿ ತೋರಿಸುತ್ತೇನೆ. ಅಂಗಡಿಗೆ ಹೋಗಬೇಡಿ, ಏಳು ರಟ್ಟಿನ ತುಂಡು ತನ್ನಿ. ಏಳು ಚಿತ್ರ ಸಾಕು: ಮೀನು, ತೆಂಗಿನಕಾಯಿ, ಕೊಡೆ, ದೋಣಿ, ಹಲಸು, ಬಸ್ಸು, ನವಿಲು.

[ಏಳು ರಟ್ಟು ಒಂದೊಂದಾಗಿ ಮೇಜಿನ ಮೇಲೆ. ವಿಡಿಯೋ ನಿಲ್ಲಿಸಿ ಬರೆದುಕೊಳ್ಳಲು ಸಮಯ.]

ಮೀನು, ತೆಂಗಿನಕಾಯಿ, ಕೊಡೆ.
ಮೀನು, ದೋಣಿ, ಹಲಸು.
ಮೀನು, ಬಸ್ಸು, ನವಿಲು.
ತೆಂಗಿನಕಾಯಿ, ದೋಣಿ, ಬಸ್ಸು.
ತೆಂಗಿನಕಾಯಿ, ಹಲಸು, ನವಿಲು.
ಕೊಡೆ, ದೋಣಿ, ನವಿಲು.
ಕೊಡೆ, ಹಲಸು, ಬಸ್ಸು.

ಯಾವ ಎರಡು ಬೇಕಾದರೂ ಎತ್ತಿ ನೋಡಿ. ಒಂದು ಸಿಗುತ್ತದೆ, ಎರಡು ಸಿಗುವುದಿಲ್ಲ. ಮೂರು ಚಿತ್ರದ ಎಲೆ ಆದರೆ ಹೀಗೆ ಏಳು ಎಲೆ ಮಾಡಬಹುದು. ಎಂಟು ಚಿತ್ರದ್ದಾದರೆ 57. ಪೆಟ್ಟಿಗೆಯಲ್ಲಿ ಮಾತ್ರ 55 ಇರುತ್ತದೆ, ಇನ್ನೆರಡನ್ನು ನೀವೇ ಕೂತು ಕಂಡುಹಿಡಿಯಬಹುದು. ಪುಟ್ಟಿ ಬಿಡಿಸಿದ ನವಿಲು ಕೋಳಿಯ ಹಾಗೆ ಉಂಟು. ಅಜ್ಜಿ “ಕೋಳಿ!” ಅಂತ ಕೂಗಿದರು. ಅಂಕ ಕೊಡಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ.

ದೊಡ್ಡ ಪೆಟ್ಟಿಗೆಯ ಆಟಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. 2004ರ ಟಿಕೆಟ್ ಟು ರೈಡ್. ಬಣ್ಣದ ಎಲೆ ಕೂಡಿಸಿ ನಕ್ಷೆಯ ಮೇಲೆ ರೈಲು ದಾರಿ ಹಾಕುವುದು. ಬೆಲೆ ಜಾಸ್ತಿ, ಐದು ಜನಕ್ಕೆ ಮಾತ್ರ. ಆದರೆ ನಡುವೆ ಯಾರೂ ಔಟ್ ಆಗುವುದಿಲ್ಲ. ಗುಟ್ಟಿನ ಟಿಕೆಟ್‌ಗಳ ಅಂಕ ಕೊನೆಯಲ್ಲೇ ಕೂಡುವುದರಿಂದ, ತಾನು ಸೋಲುತ್ತಿದ್ದೇನೆ ಅಂತ ಭಾವನಿಗೆ ಗೊತ್ತಾಗುವುದೂ ಕೊನೆಯಲ್ಲೇ. ನಮ್ಮ ಮನೆಯ ಶಾಂತಿಗೆ ಅದು ಒಳ್ಳೆಯದು.

[ಅಜ್ಜಿ ಬಟ್ಟೆ ಸುತ್ತಿದ ಮರದ ಮಣೆ ತಂದು ಇಡುತ್ತಾರೆ. ಬಟ್ಟೆ ಬಿಚ್ಚುತ್ತಾರೆ.]

ಇದು ಚೆನ್ನೆಮಣೆ. ಈ ಕಡೆ ಏಳು ಗುಳಿ, ಆ ಕಡೆ ಏಳು. ಒಂದೊಂದರಲ್ಲಿ ನಾಲ್ಕು ಮಂಜೊಟ್ಟಿ ಕಾಯಿ, ಒಟ್ಟು 56. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜ ಆಗುತ್ತದೆ. ಗುಲಗಂಜಿ ಮಾತ್ರ ಬೇಡ, ಆ ಬೀಜ ವಿಷ, ಮಕ್ಕಳು ಅಗಿದರೆ ಅಪಾಯ.

ಆಡುವ ಬಗೆ ಊರಿಗೊಂದು. ನಮ್ಮ ಮನೆಯದ್ದು ಹೀಗೆ. ನಿಮ್ಮ ಬದಿಯ ಒಂದು ಗುಳಿಯ ಕಾಯಿಯನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತಾ ಹೋಗಿ. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದ್ದನ್ನು ಎತ್ತಿ, ಮತ್ತೆ ಹಾಕಿ. ಮುಂದಿನ ಗುಳಿ ಖಾಲಿ ಇದ್ದರೆ, ಅದರ ಆಚೆ ಗುಳಿಯಲ್ಲಿ ಇದ್ದದ್ದು ನಿಮಗೆ. ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ಮೊದಲು ಆಡುವವರು ನೀವಾದರೆ ಆ ಸರದಿಯಲ್ಲಿ ಏಳು ಸಲ ಎತ್ತುತ್ತೀರಿ, ಕೊನೆಗೆ ಆರು ಕಾಯಿ ಸಿಗುತ್ತದೆ. ಯಾವ ಗುಳಿಯಿಂದ ಶುರು ಮಾಡಿದರೂ ಆರೇ, ಯಾಕೆಂದರೆ ಆಗ ಎಲ್ಲ ಗುಳಿಯೂ ಒಂದೇ. ಬುದ್ಧಿ ಬೇಕಾಗುವುದು ಎರಡನೆಯವರಿಗೆ. ಅದಕ್ಕೇ ಅಜ್ಜಿ ಯಾವಾಗಲೂ “ನೀನೇ ಮೊದಲು ಆಡು ಮಗಾ” ಅನ್ನುವುದು. ನನಗೆ ಇದು ಗೊತ್ತಾಗಲಿಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಆಡುವವರು ಇಬ್ಬರೇ, ಉಳಿದ ಐದು ಜನ ಸುಮ್ನೆ ಕೂರಬೇಕಲ್ಲ ಅಂತ ನೀವು ಕೇಳಬಹುದು. ಕೂರುವುದಿಲ್ಲ! ಇಲ್ಲಿ ಗುಟ್ಟು ಅಂತ ಏನೂ ಇಲ್ಲ, ಕಾಯಿ ಎಲ್ಲ ಕಣ್ಣೆದುರೇ. ಅಜ್ಜಿ ಕಾಯಿ ಎತ್ತಿ ಮುಷ್ಟಿಯಲ್ಲಿ ಒಮ್ಮೆ ಕುಲುಕಿದರೆ ಸಾಕು, ಎಲ್ಲರ ಬೆರಳೂ ಗುಳಿ ಎಣಿಸುತ್ತಾ ಓಡುತ್ತದೆ. “ಅಲ್ಲಿ ಅಲ್ಲ, ಅಲ್ಲಿ ಅಲ್ಲ” ಅಂತ ಪುಟ್ಟಿಯೂ ಕೂಗುತ್ತಾಳೆ.

ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮಲ್ಲಿ ಒಂದು ಮಾತು ಉಂಟು. ತುಳುವಿನ ಹಾಡುಗಥೆ ಸಿರಿ ಪಾಡ್ದನದ ಅವಳಿ ಅಕ್ಕತಂಗಿ ಅಬ್ಬಗ, ದಾರಗ ಚೆನ್ನೆ ಆಡುತ್ತಾ ಜಗಳ ಬಂದು, ಒಬ್ಬಳು ಇನ್ನೊಬ್ಬಳ ತಲೆಗೆ ಇದೇ ಮಣೆಯಿಂದ ಹೊಡೆಯುತ್ತಾಳೆ. ಹೊಡೆತ ತಿಂದವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಮನೆಯೊಳಗಿನ ಸೋಲು ಎಷ್ಟು ಭಾರ ಅಂತ ಹಿಂದಿನವರಿಗೆ ಗೊತ್ತಿತ್ತು. ಹಾಗಾಗಿ ನಾನು ಅಕ್ಕನ ಜೊತೆ ಊನೋ ಆಡುತ್ತೇನೆ, ಅಜ್ಜಿಯ ಜೊತೆ ಚೆನ್ನೆ.

[ಲೈಟ್ ಬರುತ್ತದೆ. ಒಳಗಿನಿಂದ ಪುಟ್ಟಿಯ ಕೂಗು: “ಅತ್ತೇ, ರಜೆ! ರಜೆ!”]

ಚೆನ್ನೆ ಆಡುವುದು ಆಟಿಯಲ್ಲಿ ಮಾತ್ರ. ಆಟಿ ಕಳೆದ ಮರುದಿನ ಮಣೆ ಮತ್ತೆ ಬಟ್ಟೆ ಸುತ್ತಿಕೊಂಡು ಅಟ್ಟಕ್ಕೆ ಹೋಗುತ್ತದೆ. ಇನ್ನು ಹನ್ನೊಂದು ದಿನ ಉಂಟು. ಅಜ್ಜಿ ನನಗಿಂತ ಆರು ಆಟ ಮುಂದಿದ್ದಾರೆ.

[ಅಜ್ಜಿ ಕಾಯಿ ತುಂಬುತ್ತಾ: “ಕ್ಯಾಮೆರಾ ಆಚೆ ಇಡು. ನೀನೇ ಮೊದಲು ಆಡು.”]

ಇಲ್ಲ ಅಜ್ಜಿ. ಇವತ್ತು ನೀವು.