ಗುಟ್ಟು ಯಾರನ್ನು ಕಾಯುತ್ತದೆ?

ಆತ್ಮೀಯ ಕೇಳುಗರೆ,

ಸ್ಮಾರ್ಟ್‌ಫೋನಿನ ಆಪರೇಟಿಂಗ್ ಸಿಸ್ಟಂನಲ್ಲಿ ದೋಷವೊಂದು ಕಣ್ಣಿಗೆ ಬಿದ್ದರೆ ಅದನ್ನು ಮುಚ್ಚಿಡಬೇಕೆ, ಬಹಿರಂಗಪಡಿಸಬೇಕೆ? ಕಳ್ಳನಿಗೆ ನಾವಾಗಿಯೇ ದಾರಿ ತೋರಿಸುವುದೇಕೆ ಎನ್ನುವವರ ಮಾತಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ. ಆದರೆ ಆ ದಾರಿ ಕಳ್ಳನಿಗೆ ಮೊದಲೇ ಗೊತ್ತಿದ್ದರೆ?

2016ರ ಆಗಸ್ಟ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕುಗಳ ಹೋರಾಟಗಾರರೊಬ್ಬರು, ತಮ್ಮ ಐಫೋನಿಗೆ ಬಂದ ಸಂದೇಶದಲ್ಲಿದ್ದ ಕೊಂಡಿಯನ್ನು ಒತ್ತದೆ, ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿಕೊಟ್ಟರು. ಸ್ವತಃ ಆಪಲ್ ಸಂಸ್ಥೆಗೇ ತಿಳಿಯದಿದ್ದ ಮೂರು ದೋಷಗಳನ್ನು ಒಂದಕ್ಕೊಂದು ಪೋಣಿಸಿ, ಇಡೀ ಫೋನನ್ನು ವಶಪಡಿಸಿಕೊಳ್ಳುವ ಬೇಹುಗಾರಿಕೆ ತಂತ್ರಾಂಶ ಆ ಕೊಂಡಿಯ ಹಿಂದೆ ಅಡಗಿತ್ತು. ಸುದ್ದಿ ಆಪಲ್‌ಗೆ ಮುಟ್ಟಿದ ಮೇಲೆ ಅದೇ ತಿಂಗಳು ಐಫೋನಿನ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಐಓಎಸ್ 9.3.5 ಹೊರಬಂದು ಆ ಬಿರುಕುಗಳು ಮುಚ್ಚಿದವು. ಅಲ್ಲಿಯವರೆಗೆ ಗುಟ್ಟು ಕಾದದ್ದು ದಾಳಿಕೋರರನ್ನು, ಫೋನಿನ ಒಡೆಯರನ್ನಲ್ಲ.

ವ್ಯವಸ್ಥೆಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೇಡಾಗಬಾರದು ಎಂದು ಗೂಢಲಿಪಿತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ ಸೈನಿಕ ಗೂಢಲಿಪಿಯ ಕುರಿತು 1883ರಲ್ಲೇ ಬರೆದಿದ್ದರು. ಜಿಎಸ್‌ಎಂ ಎಂಬ ಮೊಬೈಲ್ ಜಾಲದ ಫೋನುಗಳ ಕರೆಗಳನ್ನು ಕಾಯಬೇಕಿದ್ದ ಎ5/1 ಎಂಬ ಗೂಢಲಿಪಿ ಸೂತ್ರವನ್ನು ರೂಪಿಸಿದವರು ಈ ಮಾತನ್ನು ಕಡೆಗಣಿಸಿ ಅದನ್ನು ಗುಟ್ಟಾಗಿಟ್ಟರು. 1999ರ ಹೊತ್ತಿಗೆ ಸಂಶೋಧಕರು ಫೋನಿನಿಂದಲೇ ಅದನ್ನು ಬಿಡಿಸಿ ಹೊರತೆಗೆದಾಗ, ಅದರ ದೌರ್ಬಲ್ಯ ಜಗತ್ತಿನಾದ್ಯಂತ ಫೋನುಗಳಲ್ಲಿ ಬೇರೂರಿಬಿಟ್ಟಿತ್ತು.

ಹಾಗೆಂದು ಎಲ್ಲವನ್ನೂ ತೆರೆದಿಟ್ಟ ಮಾತ್ರಕ್ಕೆ ಸುರಕ್ಷತೆ ತಾನಾಗಿ ಬರುವುದಿಲ್ಲ. ಆಂಡ್ರಾಯ್ಡ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದಾದದ್ದು. ಆದರೂ ಒಂದು ವಿಡಿಯೊ ಸಂದೇಶದ ಮೂಲಕವೇ ಫೋನಿನೊಳಗೆ ನುಗ್ಗಲು ಎಡೆಕೊಡುತ್ತಿದ್ದ ಸ್ಟೇಜ್‌ಫ್ರೈಟ್ ದೋಷಗಳು ವರ್ಷಗಳ ಕಾಲ ಅದರಲ್ಲೇ ಇದ್ದು, 2015ರಲ್ಲಷ್ಟೇ ಬೆಳಕಿಗೆ ಬಂದವು. ಆ ಕೋಲಾಹಲದ ನಂತರವೇ ಗೂಗಲ್ ಪ್ರತಿ ತಿಂಗಳೂ ಸುರಕ್ಷತಾ ಅಪ್‌ಡೇಟ್ ನೀಡಲು ಆರಂಭಿಸಿತು.

ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡ ಅನುಸರಿಸುವ ಕ್ರಮ ನನಗೆ ನ್ಯಾಯಯುತವೆನಿಸುತ್ತದೆ: ದೋಷದ ವಿವರಗಳನ್ನು ಮೊದಲು ತಯಾರಕರಿಗೆ ಮಾತ್ರ ತಿಳಿಸಿ, ಸರಿಪಡಿಸಲು 90 ದಿನಗಳ ಗಡುವು ಕೊಟ್ಟು, ಅದು ಮೀರಿದರೆ ವಿವರಗಳನ್ನು ಪ್ರಕಟಿಸುವುದು. ಗಡುವಿಲ್ಲದ ಮೌನ ತಯಾರಕರ ಆಲಸ್ಯಕ್ಕೆ ಹಾಸಿಗೆ ಹಾಸಿಕೊಡುತ್ತದೆ.

ಆದರೆ ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಸುಲಭವಲ್ಲ. ಅಪ್‌ಡೇಟ್ ಹೊರಬಂದ ಕೂಡಲೇ ಅದನ್ನು ಹಳೆಯ ಆವೃತ್ತಿಯೊಂದಿಗೆ ಹೋಲಿಸಿ, ದೋಷ ಎಲ್ಲಿತ್ತೆಂದು ದಾಳಿಕೋರರು ಕಂಡುಕೊಳ್ಳಬಲ್ಲರು. ತಯಾರಕರು ಕೈಬಿಟ್ಟ ಹಳೆಯ ಫೋನುಗಳಿಗೋ ಆ ಅಪ್‌ಡೇಟ್ ತಲುಪುವುದೇ ಇಲ್ಲ. ಆದ್ದರಿಂದ ದೋಷದಷ್ಟೇ ಸ್ಪಷ್ಟವಾಗಿ ಫೋನಿನ ರಕ್ಷಣೆಯ ಅವಧಿಯೂ ಬಹಿರಂಗವಾಗಬೇಕು. ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆಂದು ತಯಾರಕರು ಪ್ರಕಟಿಸಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.