ಎರಡು ಸೈಕಲಿಗೆ ಒಂದೇ ಅಳತೆ

ಈಗ ನಿಮಗೆ ಕಾಣುತ್ತಿರುವುದು ಬದಿಯಡ್ಕದ ಸಮೀಪದಲ್ಲಿರುವ ನಮ್ಮ ಮನೆಯ ಅಡಿಕೆ ಒಣಗಿಸುವ ಅಂಗಳ. ಅಂಗಳದ ಬದಿಯ ಗೋಡೆಗೆ ಒರಗಿಸಿರುವ ಎರಡು ಸೈಕಲುಗಳಲ್ಲಿ ಎಡಗಡೆಯದು ಡಾಮರು ರಸ್ತೆಯ ಸೈಕಲು. ಬಲಗಡೆಯದು ಕೆಂಪುಕಲ್ಲಿನ ಗುಡ್ಡದಾರಿಗೂ ತೋಟದ ದಾರಿಗೂ ಹೊಂದುವ ಅಗಲ ಟಯರಿನ ಗ್ರಾವೆಲ್ ಸೈಕಲು. ಎರಡರಲ್ಲಿಯೂ ತುಳಿಯುವ ಶಕ್ತಿಯನ್ನು ವಾಟಿನಲ್ಲಿ ಅಳೆಯುವ ಪವರ್ ಮೀಟರ್ ಇದೆ. ಹೀಗೆ ಎರಡು ಮೀಟರುಗಳಿದ್ದುದರಿಂದ ಕಳೆದ ವರ್ಷ ನನ್ನ ತರಬೇತಿ ಹೇಗೆ ದಾರಿ ತಪ್ಪಿತು, ಅದನ್ನು ಸರಿಪಡಿಸಿಕೊಂಡದ್ದು ಹೇಗೆ ಎಂಬುದನ್ನು ಇಂದು ವಿವರವಾಗಿ ಹೇಳಬೇಕೆಂದಿದ್ದೇನೆ.

ಪವರ್ ಮೀಟರಿನ ಒಳಗಿರುವ ತತ್ತ್ವ ಸರಳವಾದದ್ದು. ನಾವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಸ್ಟ್ರೇನ್ ಗೇಜ್ ಎಂಬ ತೆಳುವಾದ ಪಟ್ಟಿ ಗುರುತಿಸುತ್ತದೆ. ಅದರಿಂದ ಸಿಗುವ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಪೆಡಲು ತಿರುಗುವ ವೇಗದೊಂದಿಗೆ ಗುಣಿಸಿದರೆ ವಾಟ್ ಬರುತ್ತದೆ. ನಿಮಿಷಕ್ಕೆ 90 ಸುತ್ತಿನಂತೆ ತುಳಿಯುವಾಗ ಸರಾಸರಿ ಟಾರ್ಕ್ 25 ನ್ಯೂಟನ್ ಮೀಟರ್ ಇದ್ದರೆ ಶಕ್ತಿ ಸುಮಾರು 236 ವಾಟ್. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ ಅವರು 1986ರಲ್ಲಿ ಆರಂಭಿಸಿದ ಎಸ್ಆರ್‌ಎಂ ಸಂಸ್ಥೆ ಈ ಪಟ್ಟಿಗಳನ್ನು ಪೆಡಲಿನ ತೋಳಾದ ಕ್ರ್ಯಾಂಕಿನ ನಡುವೆ ಹಲ್ಲುಚಕ್ರವನ್ನು ಹಿಡಿದಿಡುವ ಸ್ಪೈಡರ್ ಭಾಗದಲ್ಲಿ ಅಳವಡಿಸಿತು. ಈಗ ಅವು ಪೆಡಲಿನ ಒಳಗೆ, ಹಿಂದಿನ ಚಕ್ರದ ಹಬ್ಬಿನಲ್ಲಿ, ಎಡಗಡೆಯ ಕ್ರ್ಯಾಂಕಿನ ತೋಳಿನಲ್ಲಿಯೂ ಇರುತ್ತವೆ. ಅಳೆಯುವ ಜಾಗ ಬದಲಾದಾಗ ಸಿಗುವ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ. ನಾನು ಎಡವಿದ್ದು ಇಲ್ಲಿಯೇ.

ನನ್ನ ಗ್ರಾವೆಲ್ ಸೈಕಲಿನದು ಸ್ಪೈಡರ್ ಮೀಟರ್. ಅದು ಎರಡೂ ಕಾಲುಗಳ ಬಲವನ್ನು ಒಟ್ಟಾಗಿ ಅಳೆಯುತ್ತದೆ. ರಸ್ತೆ ಸೈಕಲಿನದು ಎಡ ಕ್ರ್ಯಾಂಕಿನ ಮೀಟರ್. ಅದು ಎಡಗಾಲನ್ನು ಮಾತ್ರ ಅಳೆದು ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ತೋರಿಸುತ್ತದೆ. ಕಾಸರಗೋಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ರಸ್ತೆ ಸೈಕಲನ್ನು ಹೊರಗೆ ತೆಗೆಯದೆ, ಮಳೆ ಬಿಟ್ಟ ದಿನಗಳಲ್ಲಿ ಗ್ರಾವೆಲ್ ಸೈಕಲಿನಲ್ಲಿಯೇ ಅಭ್ಯಾಸ ಮಾಡಿದೆ. ಅದರಲ್ಲಿ ಮಾಡಿದ ಪರೀಕ್ಷೆಯಂತೆ ನನ್ನ ಎಫ್‌ಟಿಪಿ, ಅಂದರೆ ಹೆಚ್ಚು ಕಡಿಮೆ ಒಂದು ಗಂಟೆ ಉಳಿಸಿಕೊಳ್ಳಬಲ್ಲ ಶಕ್ತಿ, 240 ವಾಟ್ ಆಗಿತ್ತು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ರಸ್ತೆ ಸೈಕಲನ್ನು ಹೊರತೆಗೆದು, ಮುಳ್ಳೇರಿಯದ ಕಡೆಗೆ ಹೋಗುವ ಮಾರ್ಗದಲ್ಲಿ 240 ವಾಟಿನಲ್ಲಿ ಇಪ್ಪತ್ತು ನಿಮಿಷಗಳ ಎರಡು ಸುತ್ತು ಮಾಡಲು ಹೊರಟೆ. ಮೊದಲನೆಯದನ್ನು ಹಲ್ಲು ಕಚ್ಚಿ ಮುಗಿಸಿದೆ. ಎರಡನೆಯದರ ಹದಿನಾಲ್ಕನೆಯ ನಿಮಿಷದಲ್ಲಿ ಕಾಲು ಸೋತು ಬದಿಗೆ ನಿಲ್ಲಿಸಬೇಕಾಯಿತು. ಮಳೆಗಾಲದಲ್ಲಿ ಶಕ್ತಿ ಇಳಿದಿದೆಯೆಂದು ಭಾವಿಸಿ ಮತ್ತೂ ಹೆಚ್ಚು ದುಡಿದೆ. ಮೂರು ವಾರಗಳಲ್ಲಿ ನಿದ್ದೆ ಕೆಟ್ಟಿತು, ಮೊಣಕಾಲು ನೋಯತೊಡಗಿತು. ನಾನು ವಿಚಾರಿಸಿದಾಗ ಸೈಕಲ್ ಅಂಗಡಿಯವರು ಎರಡು ಮೀಟರುಗಳೂ ಒಳ್ಳೆಯವೇ, ಏನೂ ಚಿಂತೆ ಬೇಡ ಎಂದಿದ್ದರು.

ಮೀಟರುಗಳು ಒಳ್ಳೆಯವೇ ಆಗಿದ್ದವು. ಆದರೆ ನನ್ನ ಎಡಗಾಲು ಒಟ್ಟು ಬಲದ ಶೇ. 47ರಷ್ಟನ್ನು ಮಾತ್ರ ಕೊಡುತ್ತದೆ. ಅದನ್ನು ಎರಡರಿಂದ ಗುಣಿಸಿದರೆ ಸಿಗುವುದು ನಿಜವಾದ ಶಕ್ತಿಯ ಶೇ. 94. ಹಾಗಾಗಿ ರಸ್ತೆ ಸೈಕಲಿನಲ್ಲಿ ಪರದೆಯ ಮೇಲೆ 240 ಕಾಣಬೇಕಾದರೆ ನಾನು ನಿಜವಾಗಿ 255 ವಾಟ್ ತುಳಿಯಬೇಕಿತ್ತು. ಅಭ್ಯಾಸದ ತೀವ್ರತೆಯನ್ನು ಹಂತಗಳಾಗಿ ವಿಂಗಡಿಸಿದ ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ಅವರ ವಲಯಗಳ ಲೆಕ್ಕದಲ್ಲಿ ಎಫ್‌ಟಿಪಿಯ ಶೇ. 91ರಿಂದ 105ರವರೆಗೆ ನಾಲ್ಕನೆಯ ವಲಯ, 106ರಿಂದ 120ರವರೆಗೆ ಐದನೆಯದು. ನಾಲ್ಕನೆಯ ವಲಯದ ಅಭ್ಯಾಸವೆಂದು ತಿಳಿದು ಐದನೆಯದರ ಹೊಸ್ತಿಲಲ್ಲಿ ಇಪ್ಪತ್ತು ನಿಮಿಷ ನಿಲ್ಲಲು ಹೆಣಗಿದ್ದೆ. ತರಬೇತಿಯ ಭಾರವನ್ನು ಲೆಕ್ಕ ಹಾಕುವ ಟಿಎಸ್‌ಎಸ್ ಅಂಕೆಯಲ್ಲಿ ತಪ್ಪು ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ ಅಲ್ಲಿ ತೀವ್ರತೆಯ ವರ್ಗವನ್ನು, ಅಂದರೆ ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಯನ್ನು, ತೆಗೆದುಕೊಳ್ಳುತ್ತಾರೆ. ಶಕ್ತಿಯನ್ನು ಶೇ. 6 ಕಡಿಮೆ ತೋರಿಸುವ ಮೀಟರು ಅದೇ ದುಡಿಮೆಯ ಭಾರವನ್ನು ಸುಮಾರು ಶೇ. 12 ಕಡಿಮೆ ತೋರಿಸುತ್ತದೆ. ದೇಹ ದಣಿಯುತ್ತಿದ್ದಾಗ ನನ್ನ ಗ್ರಾಫಿನ ಗೆರೆ ಇಳಿಯುತ್ತಿದ್ದುದು ಇದೇ ಕಾರಣಕ್ಕೆ.

ಯಾವ ಮೀಟರನ್ನು ನಂಬುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾವು ಅಡಿಕೆ ಮಾರುವ ಅಂಗಡಿಯಲ್ಲಿ. ಅಲ್ಲಿ ಈಗ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೂ ಸರಕಾರದ ಮುದ್ರೆಯಿರುವ 20 ಕಿಲೋಗ್ರಾಮಿನ ಹಳೆಯ ಕಬ್ಬಿಣದ ತೂಕ ಒಂದು ಮೂಲೆಯಲ್ಲಿತ್ತು. ಒಂದು ದಿನದ ಮಟ್ಟಿಗೆ ಅದನ್ನು ಕೇಳಿದೆ.

“ಇದೆಂತಕ್ಕೆ ಮಾರಾಯ್ರೆ, ಸೈಕಲು ತೂಗ್ಲಿಕ್ಕಾ?” ಎಂದರು ಅಂಗಡಿಯ ಹಿರಿಯರು.

“ಸೈಕಲಿನ ತಕ್ಕಡಿ ಸರಿ ಉಂಟಾ ಅಂತ ನೋಡ್ಲಿಕ್ಕೆ, ಅಣ್ಣ” ಎಂದೆ. ಅವರಿಗೆ ಅದು ಕೂಡಲೇ ಅರ್ಥವಾಯಿತು. ತೂಕದ ಹಿಡಿಯನ್ನು ಬಟ್ಟೆಯಿಂದ ಒರಸಿ ಕೊಟ್ಟರು.

ಮುಂದಿನ ದೃಶ್ಯದಲ್ಲಿ ಆ ಪರೀಕ್ಷೆಯನ್ನು ಹತ್ತಿರದಿಂದ ತೋರಿಸಿದ್ದೇನೆ. ಮೊದಲು ಭಾರವಿಲ್ಲದೆ ಝೀರೋ ಆಫ್‌ಸೆಟ್ ಮಾಡಬೇಕು. ತಕ್ಕಡಿಯ ಬರಿ ತಟ್ಟೆಯನ್ನು ಸೊನ್ನೆಗೆ ತಂದಂತೆ. ಬಳಿಕ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಬಲಗಡೆಯ ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ನಿಲ್ಲಿಸಿ, ಪೆಡಲಿನ ಕೀಲಿಗೆ ತೂಕವನ್ನು ನೇತುಹಾಕಬೇಕು. ತೂಗಾಟ ಪೂರ್ತಿ ನಿಂತ ಮೇಲೆಯೇ ಸಂಖ್ಯೆಯನ್ನು ಓದಬೇಕು. ಗ್ರಾವೆಲ್ ಸೈಕಲಿನ ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್. ಇಪ್ಪತ್ತನ್ನು 9.81ರಿಂದಲೂ 0.170ರಿಂದಲೂ ಗುಣಿಸಿದರೆ 33.35 ನ್ಯೂಟನ್ ಮೀಟರ್ ಬರಬೇಕು. ನನ್ನ ಸ್ಪೈಡರ್ ಮೀಟರಿನ ಆ್ಯಪ್ 33.1 ಎಂದು ತೋರಿಸಿತು. ಕ್ರ್ಯಾಂಕನ್ನು ಮತ್ತೆ ಮಟ್ಟಕ್ಕೆ ತಂದು ಮೂರು ಬಾರಿ ನೋಡಿದಾಗಲೂ ಅಷ್ಟೇ. ಒಂದು ಪ್ರತಿಶತಕ್ಕಿಂತ ಕಡಿಮೆ ವ್ಯತ್ಯಾಸ, ನಂಬಬಹುದಾದ ಅಳತೆ. ಝೀರೋ ಮಾಡಿದರೆ ಎಲ್ಲವೂ ಸರಿಯಾಯಿತೆಂದು ತಿಳಿಯುವವರು ಇಲ್ಲಿ ಗಮನಿಸಬೇಕು: ಝೀರೋ ಸರಿಪಡಿಸುವುದು ಬರಿ ತಟ್ಟೆಯನ್ನು ಮಾತ್ರ, ಭಾರ ಬಿದ್ದಾಗ ತಕ್ಕಡಿ ಸರಿಯಾಗಿ ತೂಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಎರಡನೆಯ ಹೆಜ್ಜೆಯಾಗಿ ಎರಡೂ ಬದಿಯನ್ನು ಅಳೆಯುವ ಪೆಡಲ್ ಮೀಟರ್ ಒಂದನ್ನು ಕೊಂಡೆ. ಅದನ್ನು ರಸ್ತೆ ಸೈಕಲಿಗೆ ಹಾಕಿ, ಪೆಡಲನ್ನು ಸಂಖ್ಯೆಗಳನ್ನು ತೋರಿಸುವ ಒಂದು ಪುಟ್ಟ ಸೈಕಲ್ ಕಂಪ್ಯೂಟರಿಗೂ ಎಡ ಕ್ರ್ಯಾಂಕನ್ನು ಇನ್ನೊಂದಕ್ಕೂ ಜೋಡಿಸಿ, ಒಂದೇ ಸವಾರಿಯನ್ನು ಎರಡು ಕಡೆ ದಾಖಲಿಸಿದೆ. ಪರದೆಯಲ್ಲಿ ಕಾಣುವ ಎರಡು ಗೆರೆಗಳು ಅವೇ. 150 ವಾಟಿನ ಹತ್ತಿರ ಎಡ ಕ್ರ್ಯಾಂಕು ನಾಲ್ಕೈದು ವಾಟ್ ಕಡಿಮೆ ತೋರಿಸಿದರೆ, 240ರಲ್ಲಿ ಹದಿನಾಲ್ಕು, 300ರಲ್ಲಿ ಇಪ್ಪತ್ತನಾಲ್ಕು. ಹೆಚ್ಚು ಬಲ ಹಾಕಿದಷ್ಟೂ ನನ್ನ ದೇಹ ಬಲಗಾಲನ್ನೇ ನೆಚ್ಚಿಕೊಳ್ಳುತ್ತದೆ. ಆದ್ದರಿಂದ ಎಡ ಮೀಟರಿಗೆ ಶೇ. 6 ಸೇರಿಸಿ ನೋಡಿದರಾಯಿತು ಎಂಬ ಸುಲಭದ ದಾರಿಯೂ ಮುಚ್ಚಿಹೋಯಿತು. ಒಂದೇ ಸೈಕಲು ಇರುವವರಿಗೆ ಎಡ ಕ್ರ್ಯಾಂಕಿನ ಮೀಟರು ಸಾಕು ಎಂದೇ ಈಗಲೂ ಹೇಳುತ್ತೇನೆ. ಎರಡನೆಯ ಸೈಕಲು ಬಂದ ದಿನದಿಂದ ಅದರ ಮಿತಿ ಕಾಣತೊಡಗುತ್ತದೆ.

ಪೆಡಲನ್ನು ಎರಡೂ ಸೈಕಲಿಗೆ ಬದಲಾಯಿಸುತ್ತಿದ್ದರೆ ಎಲ್ಲವೂ ಒಂದೇ ಅಳತೆಯಾಗುತ್ತಿತ್ತು. ಆದರೆ ಗುಡ್ಡದ ದಾರಿಯಲ್ಲಿ ಇಳಿದು ನಡೆಯಬೇಕಾಗುತ್ತದೆ, ಶೂಗಳಿಗೆ ಕೆಸರು ಮೆತ್ತುತ್ತದೆ, ಶೂವಿನ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ರಸ್ತೆಯ ಕ್ಲೀಟು ಅದಕ್ಕೆ ಹೇಳಿಸಿದ್ದಲ್ಲ. ಹಾಗಾಗಿ ಪೆಡಲ್ ಮೀಟರು ರಸ್ತೆ ಸೈಕಲಿನಲ್ಲಿ ಉಳಿಯುತ್ತದೆ. ತಿಂಗಳಿಗೊಮ್ಮೆ ಮಾತ್ರ ಅದನ್ನು ಗ್ರಾವೆಲ್ ಸೈಕಲಿಗೆ ಹಾಕಿ ಸ್ಪೈಡರಿನೊಂದಿಗೆ ಹೋಲಿಸುತ್ತೇನೆ. ಎಡ ಪೆಡಲಿನ ತಿರುಪಿನ ಮರೆ ವಿರುದ್ಧ ದಿಕ್ಕಿನದು. ಮರೆಗಳನ್ನು ಒರಸಿ, ತೆಳುವಾಗಿ ಗ್ರೀಸ್ ಹಚ್ಚಿ, ಬಿಗಿ ಮಾಡಿದ ಮೇಲೆ ನಾಲ್ಕೈದು ಬಾರಿ ಜೋರಾಗಿ ತುಳಿದು, ಪೆಡಲು ಕೂತ ಬಳಿಕ ಝೀರೋ ಮಾಡುವುದು ಒಳ್ಳೆಯದು. ಕ್ರ್ಯಾಂಕಿನ ಉದ್ದವನ್ನು ಆ್ಯಪಿನಲ್ಲಿ ಬದಲಿಸಲು ಮರೆಯಬಾರದು. ನನ್ನ ರಸ್ತೆ ಸೈಕಲಿನದು 172.5 ಮಿಲಿಮೀಟರ್, ಅದನ್ನು ಹಾಗೆಯೇ ಬಿಟ್ಟು 170ರ ಕ್ರ್ಯಾಂಕಿನಲ್ಲಿ ತುಳಿದರೆ ಶಕ್ತಿ ಒಂದೂವರೆ ಪ್ರತಿಶತ ಹೆಚ್ಚು ಕಾಣಿಸುತ್ತದೆ. ಇನ್ನೊಂದು ಚಿಕ್ಕ ವಿಷಯ: ಎರಡು ಸೈಕಲುಗಳು ಒಂದೇ ಕೋಣೆಯಲ್ಲಿದ್ದಾಗ, ಒಂದನ್ನು ಹೊರತರುವಾಗ ಇನ್ನೊಂದರ ಕ್ರ್ಯಾಂಕು ತಗುಲಿ ತಿರುಗಿದರೆ ಅದರ ಮೀಟರೂ ಎಚ್ಚರಗೊಳ್ಳುತ್ತದೆ. ಕಂಪ್ಯೂಟರು ತಪ್ಪು ಮೀಟರಿಗೆ ಜೋಡಿಕೊಳ್ಳದಂತೆ ಪ್ರತಿಯೊಂದರ ಗುರುತು ಸಂಖ್ಯೆಗೂ ಬೇರೆ ಹೆಸರು ಕೊಟ್ಟಿದ್ದೇನೆ.

ಎಲ್ಲ ವ್ಯತ್ಯಾಸವೂ ಮೀಟರಿನದಲ್ಲ. ಮನೆಯೊಳಗೆ ಸೈಕಲನ್ನು ನಿಂತಲ್ಲಿಯೇ ತುಳಿಯಲು ಬಳಸುವ ಟ್ರೇನರ್ ಯಂತ್ರದಲ್ಲಿ ನನಗೆ 230 ವಾಟ್ ಹಿಡಿದಿಡುವುದೇ ಕಷ್ಟ. ಟ್ರೇನರು ಚೈನಿನ ಆಚೆ ಅಳೆಯುವುದರಿಂದ ಅದರ ಸಂಖ್ಯೆ ಎರಡು ಮೂರು ಪ್ರತಿಶತ ಕಡಿಮೆ ಬರುವುದು ಸಹಜವೆಂದು, ಅಲ್ಲಿಯೂ ಪೆಡಲಿನ ಸಂಖ್ಯೆಯನ್ನೇ ನೋಡಿದೆ. ಆಗಲೂ ಹತ್ತು ವಾಟಿನ ಕೊರತೆ ಉಳಿಯಿತು. ಅದು ನಮ್ಮ ಕರಾವಳಿಯ ಬೆವರು ಆರದ ಸೆಕೆಯ ಕೆಲಸ. ಫ್ಯಾನನ್ನು ಎದೆಯ ಮಟ್ಟಕ್ಕೆ ತಂದ ಮೇಲೆ ಅರ್ಧದಷ್ಟು ಮರಳಿ ಬಂತು. ಇಂಥ ಕೊರತೆಯನ್ನು ಲೆಕ್ಕದಲ್ಲಿ ಸರಿಮಾಡಬಾರದು. ದೇಹ ಆ ಸ್ಥಿತಿಯಲ್ಲಿ ನಿಜವಾಗಿಯೂ ಅಷ್ಟೇ ದುಡಿಯುತ್ತಿರುತ್ತದೆ. ಆದ್ದರಿಂದ ಟ್ರೇನರಿಗೆ ಬೇರೆ ಎಫ್‌ಟಿಪಿ ಇಟ್ಟುಕೊಂಡಿದ್ದೇನೆ.

ಈಗ ಬೆಳಗಿನ ಆರು ಗಂಟೆ. ಕುಂಬಳೆಯಿಂದ ಸೀತಾಂಗೋಳಿಯ ಮೂಲಕ ನೀರ್ಚಾಲಿನವರೆಗೆ ಬಂದಿದ್ದೇನೆ. ಮೀಟರಿನ ಲೋಹ ಹೊರಗಿನ ಗಾಳಿಯ ಉಷ್ಣತೆಗೆ ಬಂದಿರುವುದರಿಂದ ಇಲ್ಲಿ ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಮ್ಮೆ ಝೀರೋ ಮಾಡುತ್ತೇನೆ. ಇಲ್ಲಿಂದ ಮುಂದೆ 240 ವಾಟಿನ ಮೊದಲ ಇಪ್ಪತ್ತು ನಿಮಿಷ ಆರಂಭವಾಗುತ್ತದೆ.