ಮಾಂಸ ತಿನ್ನದವರೂ ಕೇಳಬೇಕಾದ ಲಾಡಿಹುಳುವಿನ ವಿಷಯ

ಕೇಳುಗರೇ, ನಮಸ್ಕಾರ.

ಸಾಕಿದ ನಾಯಿ ಮಲಗಿ ಎದ್ದ ಜಾಗದಲ್ಲಿ ಅಕ್ಕಿಕಾಳಿನಂಥದ್ದು ಬಿದ್ದಿರುವುದನ್ನು ನೋಡಿದ್ದೀರಾ? ಬಗ್ಗಿ ನೋಡಿದರೆ ಅದು ಮೆಲ್ಲಗೆ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಒಣಗಿದ ಮೇಲೆ ಥೇಟ್ ಸೌತೆಬೀಜ. ಅದು ಲಾಡಿಹುಳುವಿನ ಒಂದು ತುಂಡು, ಒಳಗೆಲ್ಲ ಮೊಟ್ಟೆ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದಲ್ಲ, ಹುಳು ಬರುವುದು ಅದರಿಂದಲೇ. ಮಾತ್ರೆ ಕೊಟ್ಟು ಚಿಗಟವನ್ನು ಹಾಗೇ ಬಿಟ್ಟರೆ ಹುಳು ಮತ್ತೆ ಬಂತೆಂದೇ ಲೆಕ್ಕ.

ಮನುಷ್ಯರಿಗೆ ಇದರ ಬೇರೆ ಜಾತಿಗಳು ಹತ್ತುತ್ತವೆ. ಸರಿಯಾಗಿ ಬೇಯದ ಹಂದಿ ಮಾಂಸದಲ್ಲೋ ದನದ ಮಾಂಸದಲ್ಲೋ ಸಣ್ಣ ಗುಳ್ಳೆಗಳಿರುತ್ತವೆ. ಅವು ಹೊಟ್ಟೆಗೆ ಹೋದರೆ ಹುಳು ಕರುಳಿಗೆ ಕಚ್ಚಿಕೊಂಡು ಮೀಟರ್‌ಗಟ್ಟಲೆ ಬೆಳೆಯುತ್ತದೆ. ಲಾಡಿಯ ಹಾಗೆ ಚಪ್ಪಟೆ, ಉದ್ದ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ನಮಗೆ ಅರಗಿದ್ದನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಎಷ್ಟೋ ಜನರಿಗೆ ಹುಳು ಇರುವುದು ಗೊತ್ತೇ ಆಗುವುದಿಲ್ಲ.

ನನಗೆ ಜಾಸ್ತಿ ಭಯ ಹಂದಿ ಲಾಡಿಹುಳುವಿನ ಮೊಟ್ಟೆಯದು. "ನಾನು ಮಾಂಸಾನೇ ಮುಟ್ಟಲ್ಲ, ನನಗೆಲ್ಲಿಂದ ಬರುತ್ತೆ?" ಅನ್ನುವವರು ದಯವಿಟ್ಟು ಇದನ್ನು ಕೇಳಿ. ಈ ಮೊಟ್ಟೆ ಇರುವುದು ಹುಳು ಇರುವ ಮನುಷ್ಯನ ಮಲದಲ್ಲಿ. ಅವರು ಸರಿಯಾಗಿ ಕೈ ತೊಳೆಯದೆ ಅಡುಗೆ ಮಾಡಿದರೆ, ಬಯಲಿನ ಮಲ ನೀರಿಗೋ ಸೊಪ್ಪಿಗೋ ಸೇರಿದರೆ, ಮೊಟ್ಟೆ ಯಾರ ಬಾಯಿಗಾದರೂ ಹೋಗಬಹುದು. ಕರುಳಲ್ಲಿ ಒಡೆದು ಮರಿ ರಕ್ತಕ್ಕೆ ಇಳಿಯುತ್ತದೆ. ಮಾಂಸಖಂಡ, ಕಣ್ಣು, ಕೊನೆಗೆ ಮಿದುಳಿಗೂ ಹೋಗಿ ಗುಳ್ಳೆಯಾಗಿ ಕೂರುತ್ತದೆ. ಆಗ ಬರುವುದೇ ಫಿಟ್ಸ್. ಈ ರೋಗ ಬೇರೂರಿರುವ ಕಡೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈ ತೊಳೆದಿದ್ದರೆ, ಶೌಚಾಲಯ ಇದ್ದಿದ್ದರೆ ತಪ್ಪಿಸಬಹುದಾಗಿದ್ದ ಕಾಯಿಲೆ ಇದು. ಸಂಕಟ ಆಗುತ್ತೆ, ಅಲ್ವಾ?

ಹಂದಿಗೂ ರೋಗ ಹತ್ತುವುದು ನಮ್ಮ ಮಲ ತಿಂದೇ. ಹಂದಿಗೆ ಈಗ ಲಸಿಕೆಯೂ ಇದೆ.

ಕುರಿ ಸಾಕುವವರಿಗೆ ಒಂದು ಮಾತು. ಗುಳ್ಳೆ ಎದ್ದ ಈಲಿ, ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ. ಅದರಿಂದ ನಾಯಿಯಲ್ಲಿ ಬೆಳೆಯುವ ಹುಳು ಕೆಲವೇ ಮಿಲಿಮೀಟರ್. ಆದರೆ ಅದರ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಈಲಿಯಲ್ಲಿ ನೀರುಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ.

ಕೊನೆಯದಾಗಿ, ಮಲದಲ್ಲಿ ಬಿಳಿ ತುಂಡು ಕಂಡರೆ ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಮಿದುಳಲ್ಲೂ ಗುಳ್ಳೆ ಇದ್ದರೆ ಔಷಧಿಗೆ ಅದು ಸಾಯುವಾಗ ಸುತ್ತ ಊದಿಕೊಂಡು ಫಿಟ್ಸ್ ಬರಬಹುದು. ತಲೆನೋವು, ಫಿಟ್ಸ್ ಏನಾದರೂ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಸ್ಕ್ಯಾನ್ ನೋಡಿಯೇ ಅವರು ಔಷಧಿ ಶುರು ಮಾಡುತ್ತಾರೆ.

ನಮಸ್ಕಾರ.